ಅರ್ಜಿ ತಡವಾಗುವುದೆಲ್ಲಿ?

ಕಚೇರಿಗೆ ಸಲ್ಲಿಸಿದ ಅರ್ಜಿ ಬೇಗನೆ ತೀರ್ಮಾನವಾಗದಿದ್ದರೆ ಗುಮಾಸ್ತರು ಮೈಗಳ್ಳರೆಂದು ನಾವು ಬಗೆಯುತ್ತೇವೆ. ಇದು ನಿಜವೇ? ಪರೀಕ್ಷಿಸಲು ಸರಳವಾದ ಸಾಧನವೊಂದಿದೆ.

1921ರಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ‘ಕಾರ್ಯಸರಣಿಯ ನಕ್ಷೆ’ಯನ್ನು ಮಂಡಿಸಿದರು. 1947ರಲ್ಲಿ ಆ ಸಂಘವು ಅದಕ್ಕೆ ಐದು ಚಿಹ್ನೆಗಳನ್ನು ಗೊತ್ತುಪಡಿಸಿತು: ಕೆಲಸಕ್ಕೆ ವೃತ್ತ, ಸಾಗಣೆಗೆ ಬಾಣ, ತನಿಖೆಗೆ ಚೌಕ, ಕಾಯುವಿಕೆಗೆ ಇಂಗ್ಲಿಷಿನ ‘ಡಿ’ ಅಕ್ಷರ, ಶೇಖರಣೆಗೆ ತ್ರಿಕೋನ.

ಒಂದು ಅರ್ಜಿಯನ್ನು ಊಹಿಸಿಕೊಳ್ಳೋಣ. ಅದರ ದಾಖಲೆಗೆ 5 ನಿಮಿಷ, ತನಿಖೆಗೆ 30 ನಿಮಿಷ, ಮೇಲಧಿಕಾರಿಯ ರುಜುವಿಗೆ 2 ನಿಮಿಷ. ಒಟ್ಟು 37 ನಿಮಿಷ. ಆದರೂ ಅದು ಹೊರಬೀಳಲು 5 ದಿನಗಳು ಹಿಡಿದವೆನ್ನೋಣ. ಪ್ರತಿಯೊಂದು ಚಿಹ್ನೆಯ ಪಕ್ಕದಲ್ಲಿ ಕಾಲವನ್ನು ಬರೆದೊಡನೆ ಗುಟ್ಟು ಹೊರಬೀಳುತ್ತದೆ. ವೃತ್ತ, ಚೌಕಗಳ ಪಕ್ಕದಲ್ಲಿರುವುವು ನಿಮಿಷಗಳು. ತನಿಖೆಯ ಮೇಜಿನ ಮುಂದಿನ ‘ಡಿ’ಯ ಪಕ್ಕದಲ್ಲಿರುವುವು ದಿನಗಳು!

ಏಕೆ? 1961ರಲ್ಲಿ ಜಾನ್ ಲಿಟಲ್ ಸಾಧಿಸಿಕೊಟ್ಟ ಸೂತ್ರ ಉತ್ತರಿಸುತ್ತದೆ. ಬಾಕಿಯಿರುವ ಅರ್ಜಿಗಳ ಸರಾಸರಿಯನ್ನು ದಿನದ ವಿಲೇವಾರಿಯಿಂದ ಭಾಗಿಸಿದರೆ ಸರಾಸರಿ ತಡವು ದೊರೆಯುತ್ತದೆ. ಮೇಜಿನ ಮೇಲೆ 60 ಅರ್ಜಿಗಳಿದ್ದು, ದಿನಕ್ಕೆ 12 ಮುಗಿಯುತ್ತಿದ್ದರೆ ತಡ 5 ದಿನ. ಗುಮಾಸ್ತನು ದಿನಕ್ಕೆ 6 ಗಂಟೆ ತನಿಖೆಯಲ್ಲಿಯೇ ತೊಡಗಿದ್ದಾನೆ. ಆದರೆ ಪ್ರತಿದಿನವೂ ಹೊಸದಾಗಿ 12 ಅರ್ಜಿಗಳು ಬರುತ್ತಿರುವುದರಿಂದ ಹಳೆಯ ರಾಶಿ ಕರಗದು. ನೆರವಿನವರನ್ನು ಕೊಟ್ಟು ಒಮ್ಮೆ 48 ಅರ್ಜಿಗಳನ್ನು ಹೆಚ್ಚಾಗಿ ತೀರಿಸಿದರೆ ಸಾಕು, ತಡವು ಒಂದೇ ದಿನಕ್ಕೆ ಇಳಿಯುತ್ತದೆ.

ಆದುದರಿಂದ ವ್ಯಕ್ತಿಯನ್ನು ದೂರುವುದಕ್ಕೆ ಮೊದಲು ಕಾಗದದ ದಾರಿಯನ್ನು ಬರೆದು, ಅಳೆದು ನೋಡುವುದು ನ್ಯಾಯವೂ ಹೌದು, ವಿಜ್ಞಾನವೂ ಹೌದು.