ಕುದುರೆ ಬಿಡದವರ ಊರುಗಳಲ್ಲಿ ಎರಡು ದಿನ

ನಮ್ಮ ಮನೆಯ ಕೊನೆಯ ಜೋಡೆತ್ತು ಮಾರಿದ್ದು 2021ರಲ್ಲಿ. ಎತ್ತು ಹೋದ ಮೇಲೆ ಬಾಡಿಗೆ ಟ್ರ್ಯಾಕ್ಟರಿಗೆ ಕಾಯುವುದೇ ಒಂದು ಕೆಲಸವಾಯಿತು. ಮಗ ‘ಹೊಲ ಲಾವಣಿಗೆ ಕೊಟ್ಟು ಸುಮ್ಮನಿರು’ ಅಂತಿದ್ದ. ನಮ್ಮದು ರೋಣ ತಾಲ್ಲೂಕಿನ ಎರೆ ಹೊಲ, ಮಳೆ ಬಂದರೆ ಬೆಳೆ. ಅವನ ಮಾತಿಗೆ ಎದುರು ಹೇಳಲು ನನ್ನ ಬಳಿ ಏನೂ ಇರಲಿಲ್ಲ.

2023ರಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನಾಕೆಯೂ ಅಮೆರಿಕಕ್ಕೆ ಹೋದೆವು. ಮಗಳು ಅಳಿಯ ಇರುವುದು ಓಹಾಯೋ ರಾಜ್ಯದ ಕೊಲಂಬಸ್ ಪಟ್ಟಣದಲ್ಲಿ. ತಿಂಗಳೊಪ್ಪತ್ತು ನಾಲ್ಕು ಗೋಡೆ ನೋಡಿ ಬೇಸರ ಬಂತು. ಜುಲೈ ತಿಂಗಳು, ಇಲ್ಲಿ ನಮ್ಮ ಹೆಸರಿಗೆ ಎಡೆ ಹೊಡೆಯುವ ಹೊತ್ತು. ನನ್ನ ಮುಖ ನೋಡಿ ಅಳಿಯಂದಿರು, “ಮಾವಾರ, ಎರಡು ತಾಸಿನ ದಾರಿಗೆ ಕುದುರೆ ಹೂಡಿ ಹೊಲ ಮಾಡೋ ಮಂದಿ ಅದಾರ, ನೋಡ್ತೀರೇನು?” ಅಂದರು. ಯಂತ್ರದ ದೇಶದಲ್ಲಿ ಕುದುರೆ ಹೂಡುವವರು ಯಾರಪ್ಪಾ ಎಂದು ಹೊರಟೆ.

ಆಮಿಷಕ್ಕೆ ಬೀಳದ ಆಮಿಶರು

ನಾವು ಹೋದದ್ದು ಹೋಮ್ಸ್ ಕೌಂಟಿಗೆ. ಕೌಂಟಿ ಅಂದ್ರೆ ನಮ್ಮ ತಾಲ್ಲೂಕಿನಂಥ ಒಂದು ಆಡಳಿತ ಭಾಗ. ವಿಸ್ತಾರ ಸುಮಾರು 1,100 ಚದರ ಕಿಲೋಮೀಟರ್. 2020ರ ಜನಗಣತಿ ಪ್ರಕಾರ ಅಲ್ಲಿಯ ಜನ 44 ಸಾವಿರ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆಮಿಶ್ ಎಂಬ ಕ್ರೈಸ್ತ ಪಂಥದವರು. ಹೆಸರು ಕೇಳಿದರೆ ನಮ್ಮ ‘ಆಮಿಷ’ ನೆನಪಾಗ್ತದೆ. ಆದರೆ ಇವರು ಆಮಿಷಕ್ಕೆ ಬೆನ್ನು ತಿರುಗಿಸಿದ ಮಂದಿ. ಮನೆಗೆ ಕರೆಂಟಿನ ತಂತಿ ಎಳೆಸುವುದಿಲ್ಲ, ಕಾರು ಕೊಳ್ಳುವುದಿಲ್ಲ. ಯುರೋಪಿನಲ್ಲಿ ಧರ್ಮದ ಕಾರಣಕ್ಕೆ ಹಿಂಸೆ ಅನುಭವಿಸಿ ಅಮೆರಿಕಕ್ಕೆ ಬಂದವರ ಸಂತತಿ ಇವರದು. ಈ ಸೀಮೆಯ ವಾಲ್ನಟ್ ಕ್ರೀಕ್ ಬಳಿ ಮೊದಲ ಆಮಿಶ್ ವಲಸಿಗ ನೆಲೆಸಿದ್ದು 1809ರಲ್ಲಿ.

ಮನೆಯಲ್ಲಿ ಆಡುವುದು ಜರ್ಮನ್ ಮೂಲದ ಒಂದು ಭಾಷೆ. ತಮ್ಮ ಪಂಥದವರಲ್ಲದ ಎಲ್ಲರನ್ನೂ ಅವರು ‘ಇಂಗ್ಲಿಷರು’ ಅಂತಾರೆ. ಹೀಗಾಗಿ ಇಂಗ್ಲಿಷಿನ ನಾಲ್ಕು ಮಾತು ಬಾರದ ನಾನೂ ಅಲ್ಲಿ ಇಂಗ್ಲಿಷನಾದೆ!

ಒಂದೊಂದು ಊರಿಗೆ ಒಂದೊಂದು ಗುಣ

ಮಿಲ್ಲರ್ಸ್‌ಬರ್ಗ್ ಆ ಕೌಂಟಿಯ ಕೇಂದ್ರ. 1880ರ ದಶಕದಲ್ಲಿ ಕಟ್ಟಿದ ಕಲ್ಲಿನ ಕೋರ್ಟು ಕಟ್ಟಡ ಊರ ನಡುವೆ ಇದೆ. ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗ ಇರುವಂತೆ ಕುದುರೆ ಕಟ್ಟಲು ಕಂಬಿ ಹಾಕಿದ್ದಾರೆ. ಹಳೆಯ ರೈಲುಹಳಿ ಕಿತ್ತ ಜಾಗದಲ್ಲಿ ಒಂದು ದಾರಿ ಮಾಡಿದ್ದಾರೆ. ಅದರಲ್ಲಿ ಒಂದು ಪಟ್ಟಿ ಸೈಕಲ್ಲು, ಕಾಲ್ನಡಿಗೆಗೆ. ಇನ್ನೊಂದು ಕುದುರೆ ಬಂಡಿಗೆ. ದೊಡ್ಡ ರಸ್ತೆಯಲ್ಲಿ ಕಾರು ಬಡಿದು ಬಂಡಿಯವರು ಸಾಯುವುದುಂಟು. ಆ ಭಯ ಅಲ್ಲಿ ಸದಾ ಇರ್ತದೆ.

ಬರ್ಲಿನ್ ಪ್ರವಾಸಿಗರ ಊರು. ಮರದ ಸಾಮಾನು, ಕೌದಿ, ಜಾಮು, ಬೆಲ್ಲದ ಪಾಕದಂಥ ಸಿಹಿಗಳ ಅಂಗಡಿಗಳ ಸಾಲು. ಅಲ್ಲಿ 10 ಅಡಿ ಎತ್ತರ, 265 ಅಡಿ ಉದ್ದದ ಒಂದು ದುಂಡು ಚಿತ್ರವಿದೆ. ಹೆಸರು ‘ಬೆಹಾಲ್ಟ್’. ಹೈನ್ಸ್ ಗಾಗೆಲ್ ಎಂಬ ಜರ್ಮನಿ ಮೂಲದ ಕಲಾವಿದರು ಬರೆದದ್ದು. ಇವರ ಪೂರ್ವಿಕರ ಕಷ್ಟವೆಲ್ಲಾ ಅದರಲ್ಲಿದೆ. ಒಂದು ಮಾತು: ರವಿವಾರ ಹೋಗಬಾರದು. ವ್ಯಾಪಾರ ಎಷ್ಟೇ ಇರಲಿ, ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರ್ತದೆ.

ಚಾರ್ಮ್ ಎಂಬುದು ಚಿಕ್ಕ ಊರು, ಚೀಸಿಗೆ ಹೆಸರಾದದ್ದು. ಸ್ವಿಟ್ಜರ್ಲೆಂಡಿನಿಂದ ಬಂದ ಆಲ್ಫ್ರೆಡ್ ಗುಗ್ಗಿಸ್‌ಬರ್ಗ್ 1960ರ ದಶಕದಲ್ಲಿ ‘ಬೇಬಿ ಸ್ವಿಸ್’ ಎಂಬ ಮೆತ್ತನೆಯ ಚೀಸನ್ನು ಈ ಊರ ಬಳಿ ಮಾಡಿದರು. ಕರೆಂಟಿಲ್ಲದ ರೈತ ಹಾಲನ್ನು ಕ್ಯಾನಿನಲ್ಲಿ ತುಂಬಿ ತಣ್ಣೀರಲ್ಲಿ ಇಡ್ತಾನೆ. ಅಂಥ ಹಾಲನ್ನು ಕುಡಿಯುವ ಹಾಲಾಗಿ ಮಾರಲು ಅಲ್ಲಿಯ ಕಾಯ್ದೆ ಒಪ್ಪುವುದಿಲ್ಲ, ಚೀಸಿಗೆ ಒಪ್ಪುತ್ತದೆ. ಊರ ಹತ್ತಿರವೇ ಚೀಸಿನ ಕಾರ್ಖಾನೆ ಇದ್ದದ್ದರಿಂದ ಸಣ್ಣ ಹೈನದವರು ಉಳಿದರು. ಈ ಮಾತನ್ನು ನಾವು ಗಮನಿಸಬೇಕು.

ನನಗೆ ಮನಸ್ಸಿಗೆ ಹತ್ತಿದ್ದು ಮೌಂಟ್ ಹೋಪ್. ಬುಧವಾರ ಅಲ್ಲಿ ಜಾನುವಾರಿನ ಹರಾಜು. ಕಪ್ಪು ಬಂಡಿಗಳು ಸಾಲಾಗಿ ನಿಂತಿದ್ದವು. ಒಳಗೆ ದನ, ಕುರಿ, ಹಂದಿ. ಹೊರಗೆ ಒಣಹುಲ್ಲಿನ ಹೇರು. ಹುಲ್ಲನ್ನು ಕೈಯಲ್ಲಿ ಹಿಸುಕಿ ಮೂಸಿ ನೋಡುವ ಮುದುಕರನ್ನು ಕಂಡಾಗ ನಮ್ಮ ಸಂತೆಯಲ್ಲಿ ನಿಂತಂತೆಯೇ ಆಯಿತು.

ಹೊಲದ ಬದುವಿನಲ್ಲಿ

ಮರುದಿನ ದಾರಿಯಲ್ಲಿ ಗೋಧಿ ಕೊಯ್ದು, ಸಿವುಡು ಕಟ್ಟಿ, ಗೂಡು ನಿಲ್ಲಿಸಿದ ಹೊಲ ಕಂಡು ಕಾರು ನಿಲ್ಲಿಸಿ ಎಂದೆ. ಯಜಮಾನರು ನನಗಿಂತ ಹಿರಿಯರು, ಬಿಳಿ ಗಡ್ಡ. ಅಳಿಯಂದಿರು ನಾನು ರೈತ ಎಂದು ಹೇಳಿದ ಕೂಡಲೇ ಕೊಟ್ಟಿಗೆಗೆ ಕರೆದೊಯ್ದರು. ನಮ್ಮ ಎತ್ತಿಗಿಂತ ಎತ್ತರದ ಬೆಲ್ಜಿಯನ್ ಜಾತಿಯ ಕುದುರೆಗಳು. ಫೋಟೋ ಮಾತ್ರ ಬೇಡವೆಂದರು.

ಅವರದು 80 ಎಕರೆ. ನಮಗದು ಗೌಡರ ಜಮೀನು, ಆ ದೇಶದಲ್ಲಿ ಸಣ್ಣ ಹಿಡುವಳಿ. ಗೋವಿನಜೋಳ, ಓಟ್ಸ್, ಗೋಧಿ, ಹುಲ್ಲು ಹೀಗೆ ಸರದಿಯಂತೆ ಬೆಳೆ ಬದಲಿಸ್ತಾರೆ. ಮೇವು ಹೊಲದ್ದೇ, ಗೊಬ್ಬರ ಕೊಟ್ಟಿಗೆಯದೇ. ಮಳೆ ಮಾತ್ರ ಅವರಿಗೆ ವರ್ಷಕ್ಕೆ ಸುಮಾರು ಸಾವಿರ ಮಿಲಿಮೀಟರ್. ಅದನ್ನು ಮರೆತು ಅವರ ಬೇಸಾಯ ನಕಲು ಮಾಡಿದರೆ ನಾವು ಕೆಡ್ತೇವೆ.

ಕೊಟ್ಟಿಗೆಯ ಹಿಂದೆ ಒಂದು ಟ್ರ್ಯಾಕ್ಟರ್ ಕಂಡು ನನಗೆ ನಗೆ ಬಂತು. ಅವರೂ ನಕ್ಕರು. ಟ್ರ್ಯಾಕ್ಟರನ್ನು ಕೊಟ್ಟಿಗೆಯ ಬಳಿ ನಿಲ್ಲಿಸಿ ಬೆಲ್ಟು ಹಾಕಿ ರಾಶಿಯಂತ್ರ ತಿರುಗಿಸಬಹುದು, ಹೊಲಕ್ಕೆ ಇಳಿಸುವಂತಿಲ್ಲ. ಇಳಿಸಿದರೆ ಒಬ್ಬನೇ ಎಲ್ಲರ ಹೊಲ ಹೊಡೆಯಬಹುದು, ನೆರೆಯವನ ಹೊಲ ಬೇಕೆನ್ನಿಸ್ತದೆ, ನೆರೆಯವನು ಬೇಡವಾಗ್ತಾನೆ. ಅವರು ಹೇಳಿದ್ದರ ತಾತ್ಪರ್ಯ ಇದು.

ಇದನ್ನು ಒಬ್ಬೊಬ್ಬರೇ ತೀರ್ಮಾನಿಸುವುದಿಲ್ಲ. ಇಪ್ಪತ್ತೈದು-ಮೂವತ್ತೈದು ಮನೆಗಳಿಗೆ ಒಂದು ಸಭೆ. ವರ್ಷಕ್ಕೆ ಎರಡು ಸಲ ತಮ್ಮ ಕಟ್ಟಳೆಗಳನ್ನು ಎಲ್ಲರೂ ಕೂಡಿ ಒಪ್ಪಬೇಕು. ಸಭೆಯಿಂದ ಸಭೆಗೆ ಕಟ್ಟಳೆ ಬೇರೆ. ಒಬ್ಬರು ದಾರಿ ಬದಿಯ ಗೂಡಿನಲ್ಲಿ ಫೋನು ಇಟ್ಟರೆ, ಇನ್ನೊಬ್ಬರು ಮನೆಯೊಳಗೆ ನಲ್ಲಿಯನ್ನೂ ಹಾಕಿಸರು. ರಾಶಿಗೆ ಮುಯ್ಯಾಳು. ಕೊಟ್ಟಿಗೆ ಸುಟ್ಟರೆ ನೂರಾರು ಜನ ಕೂಡಿ ಎತ್ತಿ ನಿಲ್ಲಿಸ್ತಾರೆ. ಆಸ್ಪತ್ರೆ ಖರ್ಚಿಗೂ ಸಮುದಾಯವೇ ವಂತಿಗೆ ಎತ್ತುತ್ತದೆ. ವೃದ್ಧಾಪ್ಯಕ್ಕೆ ಸರ್ಕಾರದ ಪಿಂಚಣಿ ಬೇಡವೆಂದದ್ದರಿಂದ, ಸ್ವಂತ ಉದ್ಯೋಗದಲ್ಲಿರುವ ಆಮಿಶರಿಗೆ ಅದರ ತೆರಿಗೆಯಿಂದ 1965ರಲ್ಲಿ ವಿನಾಯಿತಿ ಸಿಕ್ಕಿತು.

ಮಕ್ಕಳ ಓದು ಎಂಟನೇ ತರಗತಿಗೆ ಮುಗೀತದೆ. ಇದಕ್ಕೆ ವಿಸ್ಕಾನ್ಸಿನ್ ರಾಜ್ಯದ ಆಮಿಶರು ಮೊಕದ್ದಮೆ ನಡೆಸಿ 1972ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ನಾನು ಓದಿದ್ದು ಏಳನೇ ಇಯತ್ತೆ. ನನಗಿಂತ ಒಂದೇ ವರ್ಷ ಹೆಚ್ಚು! ಓದಿಗೂ ಬರೆಯುವುದಕ್ಕೂ ಅದು ಅಡ್ಡಿಯಾಗಿಲ್ಲ. ಡೇವಿಡ್ ಕ್ಲೈನ್ ಎಂಬ ಅಲ್ಲಿಯ ಆಮಿಶ್ ರೈತ ಪುಸ್ತಕ ಬರೆದವರು. 2001ರಲ್ಲಿ ಮೌಂಟ್ ಹೋಪಿನಿಂದ ‘ಫಾರ್ಮಿಂಗ್’ ಎಂಬ ಪತ್ರಿಕೆಯನ್ನೂ ಶುರು ಮಾಡಿದರು. ಕೇಳಿ ನಮ್ಮ ಈ ಪತ್ರಿಕೆ ನೆನಪಾಯಿತು.

ಎಲ್ಲವೂ ಚೆಂದವಲ್ಲ

ನೋಡಿದ್ದನ್ನಷ್ಟೇ ಹೊಗಳಿದರೆ ಅರ್ಧ ಸುಳ್ಳು. ದೀಕ್ಷೆ ಪಡೆದ ಮೇಲೆ ಪಂಥ ಬಿಟ್ಟವರನ್ನು ದೂರ ಇಡ್ತಾರೆ, ಒಂದೇ ಪಂಕ್ತಿಯಲ್ಲಿ ಕೂಡ್ರಿಸುವುದಿಲ್ಲ. ಮುಂದೆ ಓದಬೇಕೆನ್ನುವ ಹುಡುಗಿಗೆ ದಾರಿ ಕಷ್ಟ. ನನ್ನ ಮಗಳು ಅಲ್ಲಿ ಹುಟ್ಟಿದ್ದರೆ ಇಂಜಿನಿಯರ್ ಆಗ್ತಿರಲಿಲ್ಲ.

ಭೂಮಿಯ ಸಂಕಟ ಅವರಿಗೂ ಇದೆ. ಮನೆ ತುಂಬ ಮಕ್ಕಳು, ನೆಲ ಅಷ್ಟೇ. ಚೆಂದದ ಊರೆಂದು ಪ್ರವಾಸಿಗರು ಬಂದಷ್ಟೂ ಹೊಲದ ಬೆಲೆ ಏರಿತು. ಬೇಸಾಯವನ್ನೇ ನಂಬಿದ ಮನೆಗಳು ಈಗ ಅಲ್ಲಿ ಕಡಿಮೆ. ಹೆಚ್ಚಿನವರು ಬಡಗಿ ಕೆಲಸ, ಮರ ಕೊಯ್ಯುವ ಮಿಲ್ಲು, ಕಟ್ಟಡ ಕೆಲಸಕ್ಕೆ ಇಳಿದಿದ್ದಾರೆ. ಕೆಲವರು ಅಗ್ಗದ ಭೂಮಿ ಹುಡುಕಿ ಬೇರೆ ರಾಜ್ಯಕ್ಕೆ ಹೋಗ್ತಾರೆ. ಆದರೂ ದುಡಿಮೆ ಹೆಚ್ಚಾಗಿ ಊರ ಸುತ್ತಲೇ ಇದೆ. ಊರು ಖಾಲಿಯಾಗಿಲ್ಲ.

ಬಂದ ಮೇಲೆ

ಆ ಊರುಗಳ ಆಕರ್ಷಣೆ ಕುದುರೆಯಲ್ಲಿಲ್ಲ ಅಂತ ನನಗೆ ತಿಳೀತು. ಹೊಸದೊಂದು ಬಂದಾಗ ‘ಇದು ನಮ್ಮನ್ನು ಕೂಡಿಸ್ತದೋ, ಒಡೀತದೋ’ ಎಂದು ಎಲ್ಲರೂ ಕೂತು ಕೇಳ್ತಾರಲ್ಲ, ಅದರಲ್ಲಿದೆ. ನನ್ನ ಎತ್ತು ಮಾರುವಾಗ ನಾನು ಯಾರನ್ನೂ ಕೇಳಲಿಲ್ಲ. ಓಣಿಯಲ್ಲಿ ಒಬ್ಬರ ಹಿಂದೊಬ್ಬರು ಮಾರಿದೆವು. ಕಡೆಗೆ ಎಲ್ಲರೂ ಒಂದೇ ಟ್ರ್ಯಾಕ್ಟರಿನವನ ಬಾಗಿಲಲ್ಲಿ ನಿಂತೆವು.

ಎತ್ತು ಮತ್ತೆ ಕಟ್ಟಿಲ್ಲ. ಸುಳ್ಳು ಹೇಳಲಾರೆ, ಮೇವಿಗೂ ಮೈಗೂ ಈಗ ತಾಕತ್ತಿಲ್ಲ. ಆದರೆ ಆ ವರ್ಷದ ಹಿಂಗಾರಿಗೆ ಓಣಿಯ ಎಂಟು ಮನೆಯವರನ್ನು ಗುಡಿಕಟ್ಟೆಗೆ ಕರೆದೆ. ಬಿತ್ತಿಗೆ ಟ್ರ್ಯಾಕ್ಟರನ್ನು ಒಟ್ಟಾಗಿ ಮಾತಾಡುವುದು, ಕಡಲೆ ಕೀಳಲು ಮುಯ್ಯಾಳು. ಎರಡು ಮನೆಯವರು ನಡುವೆ ಬಿಟ್ಟರು. ಆರು ಮನೆ ಉಳಿದೆವು. ಬಿತ್ತಿಗೆ ಹದ ತಪ್ಪಲಿಲ್ಲ, ಕೀಳುವಾಗ ಆಳಿಗಾಗಿ ಅಲೆಯಲಿಲ್ಲ.

ನನ್ನ ಸರದಿಯ ದಿನ ಮಗ ಊರಿಗೆ ಬಂದಿದ್ದ. ಹೊಲದಲ್ಲಿ ಹದಿನಾಲ್ಕು ಜನ ಕೂಡಿ ಉಣ್ಣುವಾಗ ಅವನೂ ಕೂತ. ಲಾವಣಿಯ ಮಾತನ್ನು ಅಂದು ಎತ್ತಲಿಲ್ಲ.