ಸೀಸದ ಚರೆ, ಉಕ್ಕಿನ ಚರೆ: ತೋಟೆಯನ್ನು ಮನೆಯಲ್ಲೇ ತುಂಬಬಹುದಾ?

ಇವತ್ತಿನ ಮಾತು ಕೋವಿಯ ತೋಟೆಯ ಬಗ್ಗೆ. ಮುಂಬಯಿಯಲ್ಲಿ ಕೂತವರಿಗೆ ಕೋವಿಯ ವಿಚಾರ ಯಾಕೆ ಅಂತ ಕೇಳಬಹುದು. ಆದ್ರೆ ನಮ್ಮಲ್ಲಿ ಎಷ್ಟೋ ಮನೆಗಳ ಬೇರು ಇನ್ನೂ ಉಡುಪಿ, ದಕ್ಷಿಣ ಕನ್ನಡ, ಮಲೆನಾಡು, ಕೊಡಗಿನಲ್ಲಿದೆ. ಅಲ್ಲಿ ತೋಟ ಕಾಯೋಕೆ ಅಂತ ಅಜ್ಜ ಲೈಸೆನ್ಸ್ ತಗೊಂಡ ಜೋಡು ನಳಿಗೆಯ ಕೋವಿ ಇರುತ್ತೆ. ಅಜ್ಜನ ನಂತರ ಅದರ ಜವಾಬ್ದಾರಿ ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಇರುವ ಮೊಮ್ಮಗನ ತಲೆಗೆ ಬರುತ್ತೆ. ಅವನು ರಾತ್ರಿ ಕೂತು ಅಮೆರಿಕದ ವಿಡಿಯೊ ನೋಡ್ತಾನೆ: ಮೇಜಿನ ಮೇಲೆ ಪುಟ್ಟ ಯಂತ್ರ, ಖಾಲಿ ತೋಟೆ, ಡಬ್ಬಿ ತುಂಬ ಉಕ್ಕಿನ ಚರೆ. ‘ನಾವೂ ಹೀಗೆ ತುಂಬಬಹುದಾ?’

ಉತ್ತರ ಮೊದಲೇ ಹೇಳಿಬಿಡ್ತೀನಿ. ಬೇಡ. ಕಾನೂನು ಬಿಡಲ್ಲ, ಆ ಹಳೇ ಕೋವಿಯೂ ತಡೆಯಲ್ಲ. ಯಾಕೆ ಅನ್ನೋದನ್ನ ಒಂದೊಂದಾಗಿ ನೋಡೋಣ.

ಉಕ್ಕು ಯಾಕೆ ಬಂತು?

ತೋಟೆಯೊಳಗೆ ಇರೋದು ನಾಲ್ಕೇ ವಸ್ತು: ಹಿಂದೆ ಕೇಪು, ಅದರ ಮುಂದೆ ಮದ್ದು, ಮದ್ದಿಗೂ ಚರೆಗೂ ನಡುವೆ ಒಂದು ಅಡ್ಡೆ, ಮುಂದೆ ಚರೆ. ಈ ಚರೆ ಹಿಂದಿನಿಂದಲೂ ಸೀಸದ್ದು. ಸೀಸ ಭಾರ, ಮೆದು, ಸುಲಭವಾಗಿ ಕರಗುತ್ತೆ. ಪುಣೆ ಹತ್ತಿರದ ಖಡಕಿ ಕಾರ್ಖಾನೆಯ ‘ಶಕ್ತಿಮಾನ್’ ತೋಟೆಯಲ್ಲೂ ಸೀಸವೇ.

ತೊಂದರೆ ಶುರುವಾಗಿದ್ದು ನೀರಿನಲ್ಲಿ. ಬಾತುಕೋಳಿ ಬೇಟೆಯಲ್ಲಿ ಗುರಿ ತಪ್ಪಿದ ಚರೆಯೆಲ್ಲ ಕೆರೆಯ ಕೆಸರಿಗೆ ಬೀಳುತ್ತೆ. ಹಕ್ಕಿಗೆ ಹಲ್ಲಿಲ್ಲ. ಸಣ್ಣ ಕಲ್ಲು ನುಂಗಿ, ಹೊಟ್ಟೆಯೊಳಗಿನ ಗಟ್ಟಿ ಚೀಲದಲ್ಲಿ ಕಾಳನ್ನ ಅರೆಯುತ್ತೆ. ಕಲ್ಲು ಅಂದ್ಕೊಂಡು ಸೀಸದ ಚರೆ ನುಂಗಿದ್ರೆ ಅದೂ ಅರೆದು, ಆಮ್ಲದಲ್ಲಿ ಕರಗಿ ರಕ್ತ ಸೇರುತ್ತೆ. ನರ ಸೋಲುತ್ತೆ, ಆಹಾರ ಕೆಳಗಿಳಿಯಲ್ಲ, ಹಕ್ಕಿ ಕೆಲವೇ ವಾರದಲ್ಲಿ ಸೊರಗಿ ಸಾಯುತ್ತೆ. ಸ್ಪೇನಿನ ಜೌಗುಗಳಲ್ಲಿ ಫ್ಲೆಮಿಂಗೊಗಳು ಹೀಗೆ ಸತ್ತಿದ್ದು ದಾಖಲಾಗಿದೆ.

ಫ್ಲೆಮಿಂಗೊ ಅಂದ್ರೆ ನಮಗೆ ದೂರದ ಹಕ್ಕಿ ಅಲ್ಲ. ಶಿವಡಿಯ ಜೆಟ್ಟಿಯಲ್ಲಿ, ಐರೋಲಿಯಲ್ಲಿ, ನೆರೂಳಿನಲ್ಲಿ ನಾವೇ ನೋಡ್ತೀವಲ್ಲ, ಅದೇ ರಾಜಹಂಸ. ಠಾಣೆ ಖಾರಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಆಯ್ತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ, ಅದರ 1991ರ ತಿದ್ದುಪಡಿ ಬಂದಮೇಲೆ ಷೋಕಿಗೆ ಹಕ್ಕಿ ಹೊಡೆಯೋದು ಮುಗಿದ ಕಥೆ. ಬೇಟೆ ಇನ್ನೂ ನಡೆಯುವ ದೇಶಗಳು ಚರೆಯನ್ನೇ ಬದಲಾಯಿಸಿದವು. ಅಮೆರಿಕ 1991ರಿಂದ ದೇಶದುದ್ದಕ್ಕೂ ನೀರುಹಕ್ಕಿ ಬೇಟೆಗೆ ಸೀಸ ನಿಷೇಧಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2023ರ ಫೆಬ್ರವರಿಯಿಂದ ಜೌಗು ಪ್ರದೇಶದಲ್ಲೂ ಅದರ ಸುತ್ತ 100 ಮೀಟರ್ ಒಳಗೂ ಸೀಸದ ಚರೆ ಹಾರಿಸುವಂತಿಲ್ಲ. ಆ ಜಾಗಕ್ಕೆ ಬಂದದ್ದೇ ಉಕ್ಕು. ಅಂದ್ರೆ, ನೀವು ವಿಡಿಯೊದಲ್ಲಿ ನೋಡೋದು ನಮ್ಮಲ್ಲಿ ಇಲ್ಲದ ಬೇಟೆಗೆ ಹುಟ್ಟಿದ ತೋಟೆ.

ದೊಡ್ಡ ಬೋರ್ ಯಾಕೆ?

ಇಲ್ಲಿ ಸ್ವಲ್ಪ ಲೆಕ್ಕ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ, ಉಕ್ಕು ಸುಮಾರು 7.8 ಗ್ರಾಂ. 3 ಮಿ.ಮೀ. ಅಡ್ಡಳತೆಯ ಸೀಸದ ಚರೆ 0.16 ಗ್ರಾಂ ತೂಗಿದ್ರೆ, ಅದೇ ಗಾತ್ರದ ಉಕ್ಕು 0.11 ಗ್ರಾಂ. ಹಗುರವಾದ್ದು ಗಾಳಿಯಲ್ಲಿ ಬೇಗ ಸೋಲುತ್ತೆ. ಅದೇ ತೂಕ ಬೇಕು ಅಂದ್ರೆ ಚರೆ 3.4 ಮಿ.ಮೀ. ಆಗಬೇಕು. ಹಾಗಾಗಿ ಅಷ್ಟೇ ತೂಕದ ಉಕ್ಕು ತೋಟೆಯೊಳಗೆ ಹೆಚ್ಚುಕಮ್ಮಿ ಒಂದೂವರೆ ಪಾಲು ಜಾಗ ತಿನ್ನುತ್ತೆ.

ಜಾಗ ಎಲ್ಲಿಂದ ತರೋದು? ನಳಿಗೆ ಅಗಲ ಮಾಡಬೇಕು, ಇಲ್ಲ ತೋಟೆ ಉದ್ದ ಮಾಡಬೇಕು. ಬೋರ್ ಲೆಕ್ಕ ತಲೆಕೆಳಗು ಅನ್ನೋದು ನೆನಪಿಡಿ: ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಸರಿಹೊಂದುವ ಎಷ್ಟು ಗುಂಡು ಆಗುತ್ತೋ ಅಷ್ಟು ಬೋರ್. 12 ಬೋರ್ ಸುಮಾರು 18.5 ಮಿ.ಮೀ., 10 ಬೋರ್ 19.7 ಮಿ.ಮೀ. ಉಕ್ಕು ಬಂದಮೇಲೆ ಅಮೆರಿಕದ ಬಾತು ಬೇಟೆಗಾರರು ಮತ್ತೆ 10 ಬೋರ್ ಕಡೆ ತಿರುಗಿದ್ರು. 12 ಬೋರ್‌ಗೂ ಮೂರೂವರೆ ಇಂಚಿನ, ಅಂದ್ರೆ 89 ಮಿ.ಮೀ. ಉದ್ದದ ತೋಟೆ ಬಂತು.

ಅಜ್ಜನ ಕೋವಿಗೆ ಏನಾಗುತ್ತೆ?

ನಮ್ಮ ಹಳೇ 12 ಬೋರ್ ಕೋವಿಗಳ ತೋಟೆ ಕೂರುವ ಜಾಗ ಸಾಮಾನ್ಯವಾಗಿ 65 ಅಥವಾ 70 ಮಿ.ಮೀ. ಮೋಸ ಇರೋದು ಇಲ್ಲೇ. ತೋಟೆಯ ಉದ್ದ ಹೇಳೋದು ಹಾರಿಸಿ ಬಾಯಿ ಬಿಚ್ಚಿದ ಮೇಲಿನ ಅಳತೆ. ಹಾಗಾಗಿ ಉದ್ದದ ತೋಟೆಯೂ ಮಡಚಿದ್ದಾಗ ಸಲೀಸಾಗಿ ಒಳಗೆ ಹೋಗಬಹುದು. ಹಾರಿಸಿದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ‘ಒಳಗೆ ಹೋಯ್ತು, ಸರಿ ಇದೆ’ ಅನ್ನೋ ಹಾಗಿಲ್ಲ.

ಇನ್ನು ಉಕ್ಕು ಸೀಸದ ಹಾಗೆ ನಜ್ಜಾಗಲ್ಲ. ಚೋಕ್, ಅಂದ್ರೆ ನಳಿಗೆಯ ತುದಿ ಕಿರಿದಾಗುವ ಕಡೆ, ಸೀಸದ ಚರೆ ಒತ್ತಿಕೊಂಡು ದಾರಿ ಮಾಡ್ಕೊಳ್ಳುತ್ತೆ. ಉಕ್ಕು ನಳಿಗೆಯನ್ನೇ ಒತ್ತುತ್ತೆ. ಪೂರ್ತಿ ಚೋಕ್ ಇರುವ ಹಳೇ ನಳಿಗೆ ಅಲ್ಲಿ ಉಬ್ಬಬಹುದು. ಕಾರ್ಖಾನೆಯವರು ಉಕ್ಕಿನ ಚರೆಯನ್ನ ದಪ್ಪ ಪ್ಲಾಸ್ಟಿಕ್ ಬಟ್ಟಲಲ್ಲಿ ಇಡೋದು ನಳಿಗೆ ಗೀರದಿರಲಿ ಅಂತ. ಮದ್ದೂ ಬೇರೆಯೇ ಜಾತಿಯದು. ಸೀಸದ ಅಳತೆಗೆ ಉಕ್ಕು ಸುರಿದರೆ ಒತ್ತಡ ಎಲ್ಲಿಗೆ ಹೋಗುತ್ತೆ ಅಂತ ಮನೆಯಲ್ಲಿ ಅಳೆಯೋಕೆ ಆಗಲ್ಲ. ಅದಕ್ಕೆ ಪ್ರಯೋಗಾಲಯದ ಪರೀಕ್ಷಾ ನಳಿಗೆ ಬೇಕು. ‘ಊರಲ್ಲಿ ಕೇಪಿನ ಕೋವಿಗೆ ಕೈಯಲ್ಲೇ ತುಂಬ್ತಿದ್ರಲ್ಲ’ ಅಂತೀರಾ? ಅದು ಕರಿಮದ್ದಿನ ಲೆಕ್ಕ. ತೋಟೆಯ ಹೊಗೆಯಿಲ್ಲದ ಮದ್ದಿಗೆ ಆ ಕೈಯಳತೆ ನಡೆಯಲ್ಲ.

ಕಾನೂನು ಏನು ಹೇಳುತ್ತೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು. ‘ಮದ್ದುಗುಂಡು’ ಅನ್ನೋ ಪದದ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ತಯಾರಿಸುವ ಯಂತ್ರವೂ ಸೇರಿದೆ. ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ‘ಪುಟ್ಟ ಯಂತ್ರ’ ತರಿಸಿದರೂ ತೊಡಕೇ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಕೊಡಗಿನವರು ‘ನಮಗೆ ವಿನಾಯಿತಿ ಇದೆ’ ಅನ್ನಬಹುದು. ಇದೆ, 2029ರವರೆಗೆ. ಆದ್ರೆ ಅದು ಕೋವಿ ಇಟ್ಟುಕೊಳ್ಳೋದಕ್ಕೆ, ಒಯ್ಯೋದಕ್ಕೆ, ತೋಟೆ ತಯಾರಿಸೋದಕ್ಕಲ್ಲ.

ಹಾಗಾದ್ರೆ ಮೊಮ್ಮಗ ಏನು ಮಾಡಬೇಕು? ಮೊದಲು ಲೈಸೆನ್ಸ್ ಕಾಗದ ಸರಿ ಮಾಡಿಸಿ. ಮುಂಬಯಿ ನಗರದಲ್ಲಿ ಅದು ಪೊಲೀಸ್ ಕಮಿಷನರ್ ಕಚೇರಿಯ ಕೆಲಸ. ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ನಳಿಗೆ, ತೋಟೆ ಕೂರುವ ಜಾಗದ ಉದ್ದ ತೋರಿಸಿ. ಆ ಅಳತೆಯ ಕಾರ್ಖಾನೆ ತೋಟೆಯನ್ನಷ್ಟೇ ಕೊಳ್ಳಿ. ಪೆಟ್ಟಿಗೆಯಲ್ಲಿ ಅಜ್ಜನ ಹಳೇ ತೋಟೆ ಇದ್ದರೆ ಬಿಚ್ಚಿ ನೋಡೋ ಕುತೂಹಲ ಬೇಡ, ಅಂಗಡಿಯವರನ್ನೋ ಠಾಣೆಯನ್ನೋ ಕೇಳಿ. ಸೀಸದ ಚರೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ಮಕ್ಕಳ ಕೈಗಂತೂ ಕೊಡಲೇಬೇಡಿ. ಹಕ್ಕಿಗೆ ವಿಷವಾದದ್ದು ಮಗುವಿಗೂ ವಿಷವೇ.