ರೊಟ್ಟಿ ಬಡಿದ ಮೇಲಿನ ಪ್ರಾರ್ಥನೆ

ಇಂಡಿ, ಸಿಂದಗಿ ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತರ ಮನೆಕೂಟಕ್ಕೆ ಗಡಿಯಾರದ ಹೊತ್ತು ಗೊತ್ತುಮಾಡುವುದು ಕಷ್ಟ. ಹೊಲದಿಂದ ಮರಳಿದ ಹೆಂಗಸರು ರೊಟ್ಟಿ ಬಡಿದು, ಒಲೆ ಆರಿಸಿ, ಮಕ್ಕಳಿಗೆ ಉಣ್ಣಲಿಕ್ಕಿದ ಮೇಲೆಯೇ ಕೂಟ ಕೂಡುತ್ತದೆ. ಪಡಸಾಲೆಯಲ್ಲಿ ಜಮಖಾನ ಹಾಸುತ್ತಾರೆ. ಹೆಂಗಸರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಂದು ಬದಿಗೆ, ಗಂಡಸರು ಇನ್ನೊಂದು ಬದಿಗೆ ಕೂರುತ್ತಾರೆ. ಹಾರ್ಮೋನಿಯಂ ಇದ್ದರೆ ಸರಿ, ಇಲ್ಲವಾದರೆ ತಾಳ, ಅದೂ ಇಲ್ಲದಿದ್ದರೆ ಚಪ್ಪಾಳೆ. ಎರಡು ಹಾಡು ಮುಗಿಯುವಷ್ಟರಲ್ಲಿ ತಡವಾಗಿ ಬರುವವರೂ ಬಂದು ಸೇರಿರುತ್ತಾರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಕ್ರೈಸ್ತರು ಬಹಳ ಕಡಿಮೆ. 2011ರ ಜನಗಣತಿಯಂತೆ ಇಡೀ ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಒಂದೂರಿನಲ್ಲಿ ಮೂರು ಮನೆ, ಮತ್ತೊಂದರಲ್ಲಿ ಒಂದೇ ಮನೆ. ನಡುವೆ ಮಳೆಗಾಲದಲ್ಲಿ ಕಾಲಿಡಲಾಗದ ಎರೆಭೂಮಿ, ತುಂಬಿದರೆ ದಾರಿ ಕಟ್ಟುವ ಡೋಣಿ ಹೊಳೆ. ಇಂಥಲ್ಲಿ ಭಾನುವಾರದ ಆರಾಧನೆಯೊಂದನ್ನೇ ನೆಚ್ಚಿಕೊಂಡರೆ ವಿಶ್ವಾಸಿ ಒಂಟಿಯಾಗಿಬಿಡುತ್ತಾನೆ. ಅವನ ಕೈ ಹಿಡಿದಿರುವುದು ವಾರದ ನಡುವಿನ ಈ ಕೂಟ.

ಕ್ರೈಸ್ತಧರ್ಮ ಈ ನೆಲಕ್ಕೆ ನಿನ್ನೆ ಮೊನ್ನೆ ಬಂದದ್ದೇನೂ ಅಲ್ಲ. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿ ಲಿಂಗಸುಗೂರು ತಾಲ್ಲೂಕಿಗೆ ಹೋದರೆ ಮುದಗಲ್ ಸಿಗುತ್ತದೆ. ಅಲ್ಲಿಯ ಕಥೋಲಿಕ ದೇವಾಲಯದ ಪರಂಪರೆ ವಿಜಾಪುರದ ಆದಿಲ್‌ಶಾಹಿ ಕಾಲಕ್ಕೆ, 16ನೇ ಶತಮಾನಕ್ಕೆ ಹೋಗುತ್ತದೆ. ಪ್ರೊಟೆಸ್ಟೆಂಟರ ದಾರಿ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೂ, ಆಮೇಲೆ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಿಗೂ ಹಬ್ಬಿ, 1885ರಲ್ಲಿ ವಿಜಾಪುರದಲ್ಲಿ ನೆಲೆ ಮಾಡಿತು.

ಆ ಮಿಶನರಿಗಳಲ್ಲಿ ಹಲವರು ಹುಟ್ಟಿ ಬೆಳೆದದ್ದೇ ಮನೆಕೂಟಗಳ ನಾಡಿನಲ್ಲಿ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಫಿಲಿಪ್ ಸ್ಪೆನರ್ ಎಂಬ ಜರ್ಮನ್ ಪಾದ್ರಿ 1670ರಲ್ಲಿ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿ ಸಣ್ಣ ಗುಂಪು ಕೂಡಿಸಿ ಬೈಬಲ್ ಪಠಣ, ಪ್ರಾರ್ಥನೆ ಶುರುಮಾಡಿದ. ಪೀಠದ ಮೇಲಿಂದ ಬರುವ ಪ್ರಸಂಗ ಕಿವಿಯಲ್ಲೇ ಉಳಿದುಬಿಡುತ್ತದೆ, ಬದುಕಿಗೆ ಇಳಿಯುವುದಿಲ್ಲ ಎಂಬುದು ಅವನ ಸಂಕಟ. ಆ ಚಳವಳಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿಹಳ್ಳಿಗೂ ಹೋಯಿತು. ಮೊದಲು ಅನುಮಾನದಿಂದ ನೋಡಿದ ಅಲ್ಲಿಯ ಸರ್ಕಾರ 1743ರಲ್ಲಿ ಕೆಲವು ಕಟ್ಟಳೆ ಹಾಕಿ ಇಂಥ ಕೂಟಗಳಿಗೆ ಒಪ್ಪಿಗೆ ಕೊಟ್ಟಿತು. ‘ಮಂಗಳೂರ ಸಮಾಚಾರ’ ಪತ್ರಿಕೆಯ ಹೆರ್ಮನ್ ಮೊಗ್ಲಿಂಗ್ ಅದೇ ವುರ್ಟೆಂಬರ್ಗಿನವರು. ಜರ್ಮನ್ ಹಾಡುಗಳನ್ನು ಕನ್ನಡಕ್ಕೆ ತಂದದ್ದಷ್ಟೇ ಅಲ್ಲ, ಕನ್ನಡದ ಛಂದಸ್ಸಿನಲ್ಲೇ ಕ್ರಿಸ್ತನ ಕಥೆ ಹೇಳುವ ಹಂಬಲವೂ ಈ ಮಿಶನರಿಗಳ ಬಳಗಕ್ಕಿತ್ತು. ಕನ್ನಡ ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದದ್ದು ಅದಕ್ಕಾಗಿ.

ಇನ್ನೂ ಹಿಂದಕ್ಕೆ ಹೋದರೆ, ಮೊದಲ ಕ್ರೈಸ್ತ ಸಭೆಗಳು ಕೂಡಿದ್ದು ಮನೆಗಳಲ್ಲೇ. ಗುಡಾರ ಹೊಲಿಯುತ್ತಿದ್ದ ಅಕ್ವಿಲ, ಪ್ರಿಸ್ಕ ದಂಪತಿಯ ಮನೆಯ ಸಭೆಗೆ ಪೌಲನು ತನ್ನ ಪತ್ರದಲ್ಲಿ ವಂದನೆ ಹೇಳುತ್ತಾನೆ.

ಕನ್ನಡ ಬೈಬಲಿನಲ್ಲಿ ಈ ಸಹವಾಸಕ್ಕೆ ಇರುವ ಮಾತು ‘ಅನ್ಯೋನ್ಯತೆ’. ಗಂಡಹೆಂಡಿರ ಬಾಳುವೆಗೆ ನಾವು ಬಳಸುವ ಮಾತನ್ನು ಅನುವಾದಕರು ಸಭೆಗೆ ಕೊಟ್ಟದ್ದು ನನಗೆ ಬಹಳ ಇಷ್ಟ. ಒಬ್ಬರೊಳಗೊಬ್ಬರು ಎಂಬ ಅರ್ಥ ಅದರಲ್ಲಿ ಸಲೀಸಾಗಿ ಕೂತಿದೆ.

ಕೂಟದಲ್ಲಿ ಅದು ಹೇಗೆ ನಡೆಯುತ್ತದೆಂದು ನೋಡಬೇಕು. ಹಾಡಾದ ಮೇಲೆ ಒಂದು ಕೀರ್ತನೆಯನ್ನೋ ಸುವಾರ್ತೆಯ ಒಂದು ಭಾಗವನ್ನೋ ಓದುತ್ತಾರೆ. ಓದು ಬಾರದ ಅಜ್ಜಿಗೆ ಮೊಮ್ಮಗಳು ಮೆಲ್ಲಗೆ ಹೇಳಿಕೊಡುತ್ತಾಳೆ, ಮುಂದಿನ ವಾರ ಅಜ್ಜಿ ಅದನ್ನು ಬಾಯಿಪಾಠ ಒಪ್ಪಿಸುತ್ತಾಳೆ. ನಂತರ ಸಾಕ್ಷಿ. ಕುಡಿತ ಬಿಟ್ಟು ಆರು ತಿಂಗಳಾದವನು ಎದ್ದು ನಿಂತು, ನಡುವೆ ಒಂದು ಸಲ ಜಾರಿದ್ದನ್ನೂ ಹೇಳಿದರೆ ಆ ಸಾಕ್ಷಿಗೆ ತೂಕ ಹೆಚ್ಚು. ಆಮೇಲೆ ‘ಪ್ರಾರ್ಥನಾ ವಿಷಯ’ ಕೇಳುತ್ತಾರೆ. ಮಗಳ ಹೆರಿಗೆ, ಬತ್ತಿದ ಬೋರು, ತೀರದ ಸಾಲ, ಕುಸಿದ ನಿಂಬೆ ದರ. ಒಬ್ಬೊಬ್ಬರ ಭಾರವನ್ನೂ ಹೆಸರು ಹಿಡಿದು ದೇವರ ಮುಂದೆ ಇಡುತ್ತಾರೆ. ಕೊನೆಗೆ ಚಹಾ, ಚುರುಮುರಿ. ಹೆರಿಗೆಗೆ ದವಾಖಾನೆಗೆ ಜೊತೆ ಹೋಗುವವರು ಯಾರು ಎಂಬುದು ನಿಶ್ಚಯವಾಗುವುದು ಆ ಚಹಾದ ಹೊತ್ತಿನಲ್ಲೇ. ಅದನ್ನೂ ಪ್ರಾರ್ಥನೆಯ ಭಾಗವೆಂದೇ ನಾನು ಎಣಿಸುತ್ತೇನೆ.

ಕಥೋಲಿಕರಲ್ಲಿ ಇದಕ್ಕೆ ‘ಕಿರು ಕ್ರೈಸ್ತ ಸಮುದಾಯ’ ಎಂಬ ಹೆಸರಿದೆ. ಮೇ ಮತ್ತು ಅಕ್ಟೋಬರ್ ತಿಂಗಳಲ್ಲಿ ಜಪಸರ ಪ್ರಾರ್ಥನೆ ಮನೆಯಿಂದ ಮನೆಗೆ ಸಾಗುತ್ತದೆ.

ಸುತ್ತ ಕೂತು ಅನುಭವ ಹಂಚಿಕೊಳ್ಳುವುದು ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆಗೆ ಅಪರಿಚಿತವೂ ಅಲ್ಲ. ಶರಣರ ಗೋಷ್ಠಿಯ ನೆನಪು, ಭಜನೆಯ ರೂಢಿ ಊರೂರಲ್ಲಿ ಇವೆ. ನೆರೆಯ ಲಿಂಗಾಯತರ, ಮುಸ್ಲಿಮರ ಮನೆಯವರು ಕ್ರಿಸ್ಮಸ್ಸಿಗೆ ಬಂದು ಉಂಡು ಹೋಗುವ ಹಳ್ಳಿಗಳಲ್ಲಿ ಕೂಟದ ಹಾಡು ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಹಾಗೆಂದು ಮನೆಕೂಟದಲ್ಲಿ ಎಲ್ಲವೂ ಒಳ್ಳೆಯದೇ ಎನ್ನಲಾರೆ. ನಂಬಿ ಹೇಳಿಕೊಂಡ ಪ್ರಾರ್ಥನಾ ವಿಷಯ ಮರುದಿನ ನಳದ ಹತ್ತಿರ ಮಾತಾದರೆ, ಹೇಳಿದವಳು ಮತ್ತೆ ಬಾಯಿ ಬಿಡುವುದಿಲ್ಲ. ಗುಂಪು ಒಬ್ಬ ನಾಯಕನ ಸುತ್ತ ತಿರುಗತೊಡಗಿದರೆ ಉಳಿದವರ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಜಾತಿಯೂ ಚಪ್ಪಲಿಯ ಜೊತೆ ಹೊರಗೆ ಉಳಿಯುವುದಿಲ್ಲ, ಒಳಗೆ ಬಂದು ಕೂರುತ್ತದೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಇಲ್ಲದವರು ಹಸಿದು ಕೂರುತ್ತಿದ್ದುದನ್ನು ಕೇಳಿ ಪೌಲನು ಗದರಿ ಬರೆದ. ಒಂದೇ ರೊಟ್ಟಿ ಮುರಿದು ತಿನ್ನುವ ಕರ್ತನ ಭೋಜನಕ್ಕೆ ಮೊದಲು, ಮಾತು ಬಿಟ್ಟ ಅಣ್ಣತಮ್ಮಂದಿರು ಅಂಗಳದಲ್ಲಿ ನಿಂತು ಕೈ ಹಿಡಿದುಕೊಳ್ಳುವಂತೆ ಮಾಡುವ ಹಿರಿಯರು ಇರುವ ಕೂಟವೇ ನನ್ನ ಕಣ್ಣಿಗೆ ಬೆಳೆದ ಕೂಟ. ಮೈದಾನದ ದೊಡ್ಡ ಸಭೆಗಳಲ್ಲಿ ಧ್ವನಿವರ್ಧಕ ಎಷ್ಟೇ ದೂರ ಕೇಳಿಸಲಿ, ಈ ಕೆಲಸ ಅಲ್ಲಿ ಆಗುವುದನ್ನು ನಾನು ಕಂಡಿಲ್ಲ.

ಸುಗ್ಗಿ ಮುಗಿದು ಕೈಗೆ ಕೆಲಸ ಇಲ್ಲದಾಗ ಕುಟುಂಬಗಳು ಗುಳೆ ಹೊರಡುತ್ತವೆ. ಗೋವಾ, ಮಹಾರಾಷ್ಟ್ರ, ಬೆಂಗಳೂರು. ಎಂಟು ಮನೆಗಳ ಕೂಟ ಮೂರಕ್ಕೆ ಇಳಿಯುತ್ತದೆ. ಹೋದವರು ಕಟ್ಟಡದ ಶೆಡ್ಡಿನಲ್ಲಿ ಕೂಡಿ ಅದೇ ಹಾಡು ಹಾಡುತ್ತಾರೆ, ಉಳಿದವರು ಮೊಬೈಲನ್ನು ಜಮಖಾನದ ನಡುವೆ ಇಟ್ಟು ಅವರ ದನಿಯನ್ನೂ ಸೇರಿಸಿಕೊಳ್ಳುತ್ತಾರೆ. ಸಿಗ್ನಲ್ ಕಡಿದಾಗ ಹಾಡು ನಿಲ್ಲಿಸುವುದಿಲ್ಲ. ಅವರು ಮರಳಿ ಸೇರಿಕೊಳ್ಳುವವರೆಗೆ ಪಲ್ಲವಿಯನ್ನೇ ಮತ್ತೆ ಮತ್ತೆ ಹೇಳುತ್ತಿರುತ್ತಾರೆ.